ಪುಟ್ಟ ಕ್ಯಾಂಪರ್ ಟ್ರೇಲರ್‌ನಲ್ಲಿ ಬೆನ್ನು, ಸೊಂಟ ನೋಯದ ಹಾಗೆ ಕೂರುವುದು ಹೇಗೆ?

ಚಿಕ್ಕ ಟ್ರೇಲರ್, ಅಂದರೆ ಕಾರಿನ ಹಿಂದೆ ಸಿಕ್ಕಿಸಿ ಎಳೆದೊಯ್ಯುವ ಗಾಲಿಯ ಮೇಲಿನ ಪುಟ್ಟ ಮನೆ, ತಗೊಂಡವರೆಲ್ಲ ಮೊದಲು ಯೋಚಿಸುವುದು ಮಲಗುವ ವಿಷಯ. ಕೂರುವ ವಿಷಯ ಆಮೇಲೆ, ಬೆನ್ನು ಹಿಡಿದುಕೊಂಡಾಗ ನೆನಪಾಗುತ್ತದೆ. ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕ್ ಕಡೆ ಹೋಗಿ ನೋಡಿ. ಮಧ್ಯಾಹ್ನ ಶುರುವಾದ ಮಳೆ ರಾತ್ರಿಯಾದರೂ ಬಿಡುವುದಿಲ್ಲ. ಊಟ, ಕಾಫಿ, ಇಸ್ಪೀಟು, ಮಕ್ಕಳ ಜಗಳ, ಊರಿಗೆ ಫೋನು, ಎಲ್ಲ ಅದೇ ಎರಡು ಬೆಂಚಿನ ಮೇಲೆ ಆಗಬೇಕು. ಐದಾರು ಗಂಟೆ ನೆಟ್ಟಗೆ ಕೂತರೆ ಯಾರ ಸೊಂಟ ಉಳಿಯುತ್ತದೆ ಹೇಳಿ?

ನಾನು ಹೇಳುತ್ತಿರುವುದು ಅಮೆರಿಕ, ಕೆನಡಾದಲ್ಲಿ ಸಿಗುವ 13ರಿಂದ 17 ಅಡಿಯ ಟ್ರೇಲರ್‌ಗಳ ವಿಷಯ. ಮಿನ್ನೆಸೋಟದಲ್ಲಿ ತಯಾರಾಗುವ ಸ್ಕ್ಯಾಂಪ್, ಟೆಕ್ಸಾಸ್‌ನ ಕಸೀಟಾ, 1968ರಲ್ಲಿ ವಿನ್ನಿಪೆಗ್‌ನಲ್ಲಿ ಶುರುವಾದ ಬೋಲರ್, ಈ ಜಾತಿಯವು. 13 ಅಡಿ ಅಂದರೆ ಕಾರಿಗೆ ಸಿಕ್ಕಿಸುವ ಕೊಕ್ಕೆಯಿಂದ ಹಿಡಿದು ಲೆಕ್ಕ, ಒಳಗೆ ಉಳಿಯುವುದು ಸುಮಾರು 10 ಅಡಿ ಅಷ್ಟೇ. ಅದರಲ್ಲಿ ಒಂದು ಮೇಜು, ಎದುರು ಬದುರು ಎರಡು ಬೆಂಚು. ರಾತ್ರಿ ಮೇಜನ್ನು ಇಳಿಸಿ ಬೆಂಚುಗಳ ನಡುವೆ ಕೂರಿಸಿ, ಒರಗುವ ಕುಶನ್‌ಗಳನ್ನು ಅದರ ಮೇಲೆ ಹಾಸಿದರೆ ಅದೇ ಹಾಸಿಗೆ. ಇದನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ಕೂರುವುದಕ್ಕೆ ಮಾಡುವ ಪ್ರತಿಯೊಂದು ಬದಲಾವಣೆಗೂ ರಾತ್ರಿ ಮಲಗುವಾಗ ಉತ್ತರ ಕೊಡಬೇಕು.

ಹೆಚ್ಚಿನವರು ಮಾಡುವುದೇನು? ನೋವು ಶುರುವಾದ ತಕ್ಷಣ ದಪ್ಪ ಫೋಮ್ ಆರ್ಡರ್ ಮಾಡುತ್ತಾರೆ. ಫೋಮ್ ಬರುತ್ತದೆ, ದುಡ್ಡು ಹೋಗುತ್ತದೆ, ನೋವು ಅಲ್ಲೇ ಇರುತ್ತದೆ. ಎಷ್ಟೋ ಸಲ ತಪ್ಪು ಮೆತ್ತೆಯದ್ದಲ್ಲ. ಬೆಂಚಿನ ಎತ್ತರ, ಆಳ, ಓರೆ, ಈ ಮೂರು ನಿಮ್ಮ ಮೈಗೆ ಹೊಂದಿರುವುದಿಲ್ಲ. ಆ ಬೆಂಚನ್ನು ಮಾಡಿರುವುದು ಕೆಳಗೆ ನೀರಿನ ಟ್ಯಾಂಕ್ ಕೂರಲಿ, ಮೇಲೆ ಹಾಸಿಗೆ ಸಪಾಟಾಗಿ ಬರಲಿ ಅಂತ. ಹಾಗಾಗಿ ಮೊದಲು ಅಳತೆ, ಆಮೇಲೆ ಫೋಮ್.

ಟೇಪ್ ಹಿಡಿದು ಶುರು ಮಾಡಿ

ಚಪ್ಪಲಿ, ಶೂ ಬಿಟ್ಟು ಅಳೆಯಿರಿ. ಇದು ಸಣ್ಣ ಮಾತಲ್ಲ. ಇಲ್ಲಿ ಅಮೆರಿಕದ ಕುರ್ಚಿ, ಬೆಂಚುಗಳ ಅಳತೆ ಶೂ ಹಾಕಿಕೊಂಡ ಕಾಲಿಗೆ ಸರಿಹೋಗುವಂತೆ ಇರುತ್ತದೆ. ನಾವೋ, ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗುವವರು. ಅಲ್ಲಿಗೇ ಒಂದು ಇಂಚು ಹೋಯಿತು, ಅಲ್ವಾ? ಮನೆಯಲ್ಲಿ ಗಟ್ಟಿ ಕುರ್ಚಿಯ ಮೇಲೆ ಕೂತು, ನೆಲದಿಂದ ಮಂಡಿಯ ಹಿಂಭಾಗದವರೆಗೆ ಎಷ್ಟಿದೆ ನೋಡಿ. ಆಮೇಲೆ ಟ್ರೇಲರ್‌ನಲ್ಲಿ ಒಬ್ಬರು ಕುಶನ್ ಮೇಲೆ ಕೂತಿರುವಾಗ, ಅಂದರೆ ಕುಶನ್ ಒತ್ತಿಕೊಂಡಿರುವಾಗ, ನೆಲದಿಂದ ಕುಶನ್‌ನ ಮುಂದಿನ ಅಂಚಿನವರೆಗೆ ಅಳೆಯಿರಿ. ಎರಡನೆಯದು ಮೊದಲನೆಯದಕ್ಕಿಂತ ಜಾಸ್ತಿ ಇದ್ದರೆ ಕಾಲು ನೇತಾಡುತ್ತದೆ, ತೊಡೆಯ ಕೆಳಗೆ ಅಂಚು ಒತ್ತುತ್ತದೆ, ಅರ್ಧ ಗಂಟೆಯಲ್ಲಿ ಪಾದ ಜೋಮು ಹಿಡಿಯುತ್ತದೆ. ಇಂಥ ಕಡೆ ಇನ್ನೂ ದಪ್ಪ ಫೋಮ್ ಹಾಕಿದರೆ ಕಷ್ಟ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆಮೇಲೆ ಆಳ. ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಕೂರಿ. ಸೀಟಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಮೂರು ಬೆರಳು ಹಿಡಿಯಬೇಕು. ಹಿಡಿಯದಿದ್ದರೆ ಸೀಟು ನಿಮಗೆ ಆಳ ಜಾಸ್ತಿ. ನೀವು ಗೊತ್ತಿಲ್ಲದೆ ಮುಂದೆ ಜಾರಿ ಬೆನ್ನು ಗೂನು ಮಾಡಿಕೊಂಡು ಕೂರುತ್ತೀರಿ. ಐದು ಅಡಿ ಎರಡು ಇಂಚು ಇರುವವರಿಗೂ ಆರು ಅಡಿ ಇರುವವರಿಗೂ ಒಂದೇ ಬೆಂಚು ಸರಿಹೋಗುವುದಿಲ್ಲ. ಎರಡು ಬೆಂಚು ಇದೆಯಲ್ಲ, ಎರಡನ್ನೂ ಒಂದೇ ಥರ ಮಾಡಬೇಕು ಅಂತ ಯಾರೂ ಹೇಳಿಲ್ಲ. ಒಂದು ಗಂಡನದು, ಒಂದು ಹೆಂಡತಿಯದು ಅಂತ ಮಾಡಿಕೊಳ್ಳಿ.

ಮೂರನೆಯದು ಮೇಜು. ಕೂತಾಗ ಕುಶನ್ ಎಲ್ಲಿಗೆ ಬರುತ್ತದೋ ಅಲ್ಲಿಂದ ಮೇಜಿನ ಮೇಲ್ಭಾಗಕ್ಕೆ 10ರಿಂದ 12 ಇಂಚು ಇದ್ದರೆ ಊಟಕ್ಕೂ ಲ್ಯಾಪ್‌ಟಾಪ್‌ಗೂ ಅನುಕೂಲ. ಫೋಮ್ ಎರಡು ಇಂಚು ಏರಿಸಿದರೆ ಈ ಅಳತೆ ಎರಡು ಇಂಚು ಇಳಿಯುತ್ತದೆ, ತೊಡೆ ಮೇಜಿಗೆ ತಾಗುತ್ತದೆ.

ಖರ್ಚಿಗೆ ಮೊದಲು ಕಂಬಳಿ

ಅಳತೆ ಬರೆದುಕೊಂಡಾಯಿತೇ? ಈಗ ಮನೆಯಲ್ಲಿರುವ ಟವೆಲ್, ಕಂಬಳಿ, ಹಳೆಯ ಸೀರೆ ಏನಿದೆಯೋ ಎಲ್ಲ ತಂದು ಮಡಚಿ ಇಟ್ಟು ನೋಡಿ. ಸೀಟಿನ ಮುಂದಿನ ಅಂಚಿನ ಕೆಳಗೆ ಒಂದು ಮಡಿಕೆ. ಸೊಂಟದ ಹಿಂದೆ ಒಂದು ಸುರುಳಿ. ಕಾಲ ಕೆಳಗೆ ಒಂದೆರಡು ದಪ್ಪ ಪುಸ್ತಕ. ಹಾಗೆ ಕೂತು ಒಂದು ಊಟ ಮುಗಿಸಿ, ಒಂದು ಸಿನಿಮಾ ನೋಡಿ. ಅಂಗಳದಲ್ಲಿ ನಿಂತ ಟ್ರೇಲರ್‌ನಲ್ಲೇ ಇದನ್ನು ಮಾಡಬಹುದು. ಐದು ನಿಮಿಷ ಕೂತು "ಪರವಾಗಿಲ್ಲ" ಅಂದರೆ ಸಾಲದು, ನೋವು ಬರುವುದು ನಲವತ್ತನೆಯ ನಿಮಿಷಕ್ಕೆ. ಎಲ್ಲಿ ಎಷ್ಟು ದಪ್ಪದ ಮಡಿಕೆ ಹಿತವಾಯಿತು ಅಂತ ಟೇಪ್‌ನಲ್ಲಿ ಅಳೆದು ಗುರುತು ಹಾಕಿಕೊಳ್ಳಿ. ಫೋಮ್ ಅಂಗಡಿಗೆ ಹೋಗುವಾಗ ಕೈಯಲ್ಲಿ ಇರಬೇಕಾದದ್ದು ಈ ಚೀಟಿ.

ಓರೆ ಕೊಡುವುದು

ನನ್ನ ಮಟ್ಟಿಗೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಸುಖ ಕೊಡುವ ಕೆಲಸ ಇದೇ. ಟ್ರೇಲರ್ ಬೆಂಚು ಸಪಾಟು, ಬೆನ್ನು ಗೋಡೆಗೆ ನೇರ. ಇದು ಸ್ಕೂಲಿನ ಬೆಂಚು ಇದ್ದ ಹಾಗೆ. ಮನೆಯ ಸೋಫಾ ನೋಡಿ, ಸೀಟು ಹಿಂದಕ್ಕೆ ಸ್ವಲ್ಪ ತಗ್ಗಿರುತ್ತದೆ, ಬೆನ್ನು ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ. ಆ ಎರಡು ಸ್ವಲ್ಪ ಸೇರಿದರೇ ಮೈ ಸಡಿಲವಾಗುವುದು.

ಸೀಟಿಗೆ: 20 ಇಂಚು ಆಳದ ಸೀಟಿನ ಮುಂಭಾಗವನ್ನು ಒಂದು ಇಂಚು ಎತ್ತಿದರೆ ಸುಮಾರು 3 ಡಿಗ್ರಿ ಓರೆ ಸಿಗುತ್ತದೆ, ಒಂದೂವರೆ ಇಂಚು ಎತ್ತಿದರೆ 4 ಡಿಗ್ರಿಗೆ ಸ್ವಲ್ಪ ಮೇಲೆ. ಇಷ್ಟು ಸಾಕು. ಮರದಂಗಡಿಯಲ್ಲಿ ಒಂದು-ಬೈ-ಎರಡು ಅಂತ ಮಾರುವ ಪಟ್ಟಿ ನಿಜಕ್ಕೂ ಮುಕ್ಕಾಲು ಇಂಚು ದಪ್ಪ, ಒಂದೂವರೆ ಇಂಚು ಅಗಲ ಇರುತ್ತದೆ. ಮಲಗಿಸಿದರೆ ಮುಕ್ಕಾಲು ಇಂಚು ಏರುತ್ತದೆ, ನಿಲ್ಲಿಸಿದರೆ ಒಂದೂವರೆ. ಪಟ್ಟಿಯನ್ನು ಸುಮ್ನೆ ಕುಶನ್ ಕೆಳಗೆ ತುರುಕಬೇಡಿ, ಫೋಮ್ ಅದರ ಮೇಲೆ ಮಡಚಿ ದಿಬ್ಬ ಆಗುತ್ತದೆ. ಅರ್ಧ ಇಂಚಿನ ಪ್ಲೈವುಡ್ ಹಲಗೆಯನ್ನು ಸೀಟಿನ ಅಳತೆಗೆ ಕತ್ತರಿಸಿ, ಅದರ ಮುಂದಿನ ಅಂಚಿನ ಕೆಳಗೆ ಪಟ್ಟಿ ಸ್ಕ್ರೂ ಮಾಡಿ, ಆ ಹಲಗೆಯ ಮೇಲೆ ಕುಶನ್ ಇಡಿ. ರಾತ್ರಿ ಹಲಗೆಯನ್ನು ತೆಗೆದರೆ ಹಾಸಿಗೆ ಮತ್ತೆ ಸಪಾಟು. ಕಾಲು ಮೊದಲೇ ನೇತಾಡುತ್ತಿದ್ದರೆ ಮುಂಭಾಗ ಎತ್ತಬೇಡಿ. ಅಂಥ ಕಡೆ ಫೋಮ್‌ನ ಹಿಂಭಾಗದ ಕೆಳಗಿನಿಂದಲೇ ಓರೆಯಾಗಿ ಒಂದು ಇಂಚು ಕತ್ತರಿಸಿ ತೆಗೆಯಿಸಿ, ಹಿಂದೆ ತಗ್ಗುತ್ತದೆ, ಮುಂದೆ ಎತ್ತರ ಹಾಗೇ ಉಳಿಯುತ್ತದೆ. ಕತ್ತರಿಸಿದ ತುಂಡನ್ನು ಎಸೆಯಬೇಡಿ, ರಾತ್ರಿ ಅದನ್ನು ಜಾಗಕ್ಕೆ ವಾಪಸ್ ಇಟ್ಟರಾಯಿತು.

ಬೆನ್ನಿಗೆ: ಗೋಡೆಗೂ ಒರಗುವ ಕುಶನ್‌ಗೂ ನಡುವೆ ಇಳಿಜಾರಾಗಿ ಕತ್ತರಿಸಿದ ಗಟ್ಟಿ ಫೋಮ್ ಇಡಬೇಕು. ಕೆಳಗೆ ದಪ್ಪ, ಮೇಲೆ ತೆಳು. 16 ಇಂಚು ಎತ್ತರದ ತುಂಡಿಗೆ ಬುಡದಲ್ಲಿ 3 ಇಂಚು ಕೊಟ್ಟರೆ ಬೆನ್ನು ಸುಮಾರು 10 ಡಿಗ್ರಿ ಹಿಂದಕ್ಕೆ ಹೋಗುತ್ತದೆ. ಸೀಟಿನ ಆಳ 3 ಇಂಚು ಕಡಿಮೆಯಾಗುತ್ತದೆ ಅನ್ನುವುದು ಕುಳ್ಳಗಿರುವವರಿಗೆ ಲಾಭವೇ. ಉದ್ದ ಇರುವವರು ಬುಡದಲ್ಲಿ 2 ಇಂಚಿಗೇ ನಿಲ್ಲಿಸಿ. ಮಲಗುವ ಹೊತ್ತಿಗೆ ಈ ಇಳಿಜಾರು ತುಂಡನ್ನು ತಲೆದಿಂಬಿನ ಕೆಳಗೆ ಹಾಕಿಕೊಳ್ಳಬಹುದು. ರಾತ್ರಿ ಹುಳಿತೇಗು ಬರುವವರಿಗೆ ತಲೆ ಕಡೆ ಎತ್ತರ ಇದ್ದರೆ ಒಳ್ಳೆಯದೇ.

ಈಗ ಫೋಮ್

ಹಳೆಯ ಫೋಮ್ ಸತ್ತಿದೆಯೋ ಇಲ್ಲವೋ ತಿಳಿಯಲು ಒಂದು ಮಂಡಿಯನ್ನು ಕುಶನ್ ನಡುವೆ ಊರಿ ಭಾರ ಬಿಡಿ. ಕೆಳಗಿನ ಹಲಗೆ ಮಂಡಿಗೆ ತಾಗಿದರೆ ಬದಲಿಸಿ. ತಾಗದಿದ್ದರೆ ಇನ್ನೂ ಜೀವ ಇದೆ, ಓರೆ ಸರಿಮಾಡಿಯೇ ನೋಡಿ.

ಫೋಮ್ ಕೊಳ್ಳುವಾಗ ಎರಡು ಸಂಖ್ಯೆ ಕೇಳಬೇಕು, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು ಡೆನ್ಸಿಟಿ. ಇದು ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೆ ಸಂಬಂಧಪಟ್ಟದ್ದು. ಬೆಂಗಳೂರಿನ ಫೋಮ್ ಅಂಗಡಿಯಲ್ಲಿ "32 ಡೆನ್ಸಿಟಿ, 40 ಡೆನ್ಸಿಟಿ" ಅನ್ನುತ್ತಾರಲ್ಲ, ಅದು ಒಂದು ಘನ ಮೀಟರಿಗೆ ಎಷ್ಟು ಕಿಲೋ ಅಂತ. ಇಲ್ಲಿ ಘನ ಅಡಿಗೆ ಎಷ್ಟು ಪೌಂಡ್ ಅಂತ ಹೇಳುತ್ತಾರೆ. 16ರಿಂದ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ, ಹಾಗಾಗಿ 2.5 ಪೌಂಡ್ ಅಂದರೆ ನಮ್ಮ 40 ಡೆನ್ಸಿಟಿ. ದಿನವಿಡೀ ಕೂತು ರಾತ್ರಿ ಮಲಗುವ ಕುಶನ್‌ಗೆ ಇದಕ್ಕಿಂತ ಕಡಿಮೆಯದು ಬೇಡ. ಇನ್ನೊಂದು ಸಂಖ್ಯೆ ಐಎಲ್‌ಡಿ, ಅಂದರೆ ಗಟ್ಟಿತನ. 4 ಇಂಚು ದಪ್ಪದ ಫೋಮ್ ಮೇಲೆ 50 ಚದರ ಇಂಚಿನ ಬಿಲ್ಲೆ ಇಟ್ಟು, ಕಾಲು ಭಾಗ ಒತ್ತಲು ಎಷ್ಟು ಪೌಂಡ್ ಬೇಕು ಅನ್ನುವುದೇ ಆ ಸಂಖ್ಯೆ. ಸೀಟಿಗೆ 35ರಿಂದ 45, ಬೆನ್ನಿಗೆ 20ರಿಂದ 25 ಚೆನ್ನಾಗಿರುತ್ತದೆ. ಡೆನ್ಸಿಟಿ ಜಾಸ್ತಿ ಇದ್ದೂ ಮೆತ್ತಗಿರುವ ಫೋಮ್ ಇದೆ, ಡೆನ್ಸಿಟಿ ಕಡಿಮೆ ಇದ್ದೂ ಗಟ್ಟಿಯಾಗಿರುವುದೂ ಇದೆ. ಎರಡನೆಯದು ಅಂಗಡಿಯಲ್ಲಿ ಕೈ ಒತ್ತಿದಾಗ ಭೇಷ್ ಅನ್ನಿಸುತ್ತದೆ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕುಸಿದು ಕೂರುತ್ತದೆ.

ಒರಗುವ ಕುಶನ್ ರಾತ್ರಿ ಹಾಸಿಗೆಯ ನಡುಭಾಗ ಆಗುತ್ತದೆ ಅಂದೆನಲ್ಲ, ಇಲ್ಲಿ ಪೇಚು. ಬೆನ್ನಿಗೆ ಮೆತ್ತಗಿನದು ಬೇಕು, ಆದರೆ ಅದರ ಮೇಲೆ ಮಲಗಿದರೆ ಸೊಂಟ ಗುಂಡಿಗೆ ಬಿದ್ದ ಹಾಗೆ ಇಳಿಯುತ್ತದೆ. ದಾರಿ ಏನು? ಎಲ್ಲ ಕುಶನ್‌ಗಳೂ ಒಂದೇ ದಪ್ಪ, ಒಂದೇ ಗಟ್ಟಿತನ ಇರಲಿ. 4 ಇಂಚಿನಲ್ಲಿ 3 ಇಂಚು ಗಟ್ಟಿ ಎಚ್‌ಆರ್ ಫೋಮ್ (ಹೈ ರೆಸಿಲಿಯನ್ಸ್, ಅಂದರೆ ಒತ್ತಿ ಬಿಟ್ಟರೆ ಬೇಗ ಪುಟಿದೇಳುವಂಥದು), ಮೇಲೆ 1 ಇಂಚು ಮೆತ್ತಗಿನದು ಅಥವಾ ಲೇಟೆಕ್ಸ್, ಎರಡನ್ನೂ ಅಂಟಿಸಿ. ಒರಗುವ ಕುಶನ್‌ನ ಮೆತ್ತಗಿನ ಮುಖವನ್ನು ಹಗಲು ಬೆನ್ನಿನ ಕಡೆಗೂ, ರಾತ್ರಿ ಮೇಲಕ್ಕೂ ತಿರುಗಿಸಿಕೊಳ್ಳಬಹುದು. ಮೆಮೊರಿ ಫೋಮ್ ಬಗ್ಗೆ ಒಂದು ಎಚ್ಚರಿಕೆ: ಚಳಿಗೆ ಅದು ಬಿಗಿಯಾಗುತ್ತದೆ. ಸೆಪ್ಟೆಂಬರ್‌ನಲ್ಲಿ ಯೆಲ್ಲೋಸ್ಟೋನ್ ಕಡೆ ಹೀಟರ್ ಹಾಕದೆ ರಾತ್ರಿ ಕಳೆದರೆ ಬೆಳಿಗ್ಗೆ ಅದರ ಮೇಲೆ ಕೂರುವುದೂ ಹಲಗೆಯ ಮೇಲೆ ಕೂರುವುದೂ ಒಂದೇ. ಮನೆಗೆ ಸರಿ, ಟ್ರೇಲರ್‌ಗೆ ನಾನಂತೂ ಬೇಡ ಅನ್ನುತ್ತೇನೆ.

ಎಲ್ಲಿ ಸಿಗುತ್ತದೆ? ಬಟ್ಟೆ, ಹೊಲಿಗೆ ಸಾಮಾನು, ಫೋಮ್ ಮಾರುತ್ತಿದ್ದ ಜೋಆನ್ ಅಂಗಡಿಗಳು 2025ರಲ್ಲಿ ಮುಚ್ಚಿದ ಮೇಲೆ ಕಣ್ಣಾರೆ ನೋಡಿ, ಒತ್ತಿ ಕೊಳ್ಳುವ ಜಾಗಗಳು ಕಡಿಮೆಯಾಗಿವೆ. ಊರಿನ ಸೋಫಾ ರಿಪೇರಿ ಮಾಡುವವರನ್ನು ಕೇಳಿ. ದೋಣಿಗಳು ಜಾಸ್ತಿ ಇರುವ ಊರಾದರೆ ದೋಣಿ ಕುಶನ್ ಹೊಲಿಯುವವರು ಸಿಗುತ್ತಾರೆ, ಅವರಿಗೆ ವಕ್ರ ಗೋಡೆ, ತೇವ, ಇಕ್ಕಟ್ಟು ಎಲ್ಲ ಗೊತ್ತಿರುತ್ತದೆ.

ನೀವೇ ಕತ್ತರಿಸುವುದಾದರೆ ಥ್ಯಾಂಕ್ಸ್‌ಗಿವಿಂಗ್ ಹೊತ್ತಿಗೆ ಟರ್ಕಿ ಕೋಳಿ ಕತ್ತರಿಸಲು ಮಾರುವ ಎಲೆಕ್ಟ್ರಿಕ್ ಚಾಕು ಇದೆಯಲ್ಲ, ಫೋಮ್‌ಗೆ ಅದಕ್ಕಿಂತ ಒಳ್ಳೆಯ ಆಯುಧ ಇಲ್ಲ. ಫೋಮ್‌ನ ಎರಡೂ ಮುಖಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆಯಿರಿ. ಚಾಕು ನೆಟ್ಟಗೆ ನಿಲ್ಲಲಿ. ಒತ್ತಬೇಡಿ, ಅದರ ಪಾಡಿಗೆ ಅದು ಹೋಗಲಿ, ಒತ್ತಿದರೆ ಕೆಳಗಿನ ಅಂಚು ಒಳಕ್ಕೆ ಸರಿದು ಕುಶನ್ ಸೊಟ್ಟ ಆಗುತ್ತದೆ. ಫೈಬರ್‌ಗ್ಲಾಸ್ ಟ್ರೇಲರ್‌ಗಳ ಗೋಡೆ ಎಲ್ಲೂ ನೇರ ಇರುವುದಿಲ್ಲ, ಹಾಗಾಗಿ ಮೊದಲು ರಟ್ಟಿನಲ್ಲಿ ಅಚ್ಚು ತೆಗೆದು, ಬೆಂಚಿನ ಮೇಲಿಟ್ಟು ನೋಡಿ, ಆಮೇಲೆ ಫೋಮ್ ಮುಟ್ಟಿ. ಕವರ್‌ಗಿಂತ ಫೋಮ್ ಅರ್ಧ ಇಂಚು ದೊಡ್ಡದಿರಲಿ, ಆಗ ಕವರ್ ಬಿಗಿಯಾಗಿ ಕೂರುತ್ತದೆ. ಒಳಗೆ ತೂರಿಸಲು ಕಷ್ಟವಾದರೆ ಫೋಮನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ವ್ಯಾಕ್ಯೂಮ್ ಕ್ಲೀನರ್‌ನಿಂದ ಗಾಳಿ ಎಳೆಯಿರಿ. ಅದು ಚಪ್ಪಟೆಯಾಗುತ್ತದೆ. ಕವರ್ ಒಳಗೆ ಜಾರಿಸಿ ಚೀಲ ಹರಿದು ತೆಗೆಯಿರಿ.

ಮುಂದಿನ ಅಂಚನ್ನು ಮರೆಯಬೇಡಿ. ಬೆಂಚಿನ ಹಲಗೆಯ ಮೂಲೆ ಚೂಪಾಗಿದ್ದರೆ ಎಷ್ಟು ಒಳ್ಳೆಯ ಫೋಮ್ ಹಾಕಿದರೂ ಮಂಡಿಯ ಹಿಂದೆ ಒತ್ತುತ್ತದೆ. ಮರಳು ಕಾಗದ ಹಿಡಿದು ಆ ಮೂಲೆಯನ್ನು ದುಂಡಗೆ ಮಾಡಿ, ಫೋಮ್ ಅಂಚಿನಿಂದ ಅರ್ಧ ಇಂಚು ಹೊರಗೆ ಬರಲಿ, ಮೇಲಿನ ಅಂಚನ್ನು ಓರೆಯಾಗಿ ಸವರಿ ತೆಳು ಪಾಲಿಯೆಸ್ಟರ್ ಹತ್ತಿ ಸುತ್ತಿ. ಕುಶನ್ ಮುಂದೆ ಜಾರುತ್ತಿದ್ದರೆ ಅಡುಗೆಮನೆ ಡ್ರಾಯರ್‌ಗೆ ಹಾಸುವ ರಬ್ಬರ್ ಜಾಲರಿಯ ಒಂದು ತುಂಡು ಕೆಳಗೆ ಹಾಸಿ.

ಬಟ್ಟೆ, ಮತ್ತು ಕೆಳಗಿನ ತೇವ

ವಿನೈಲ್ ಒರೆಸುವುದಕ್ಕೆ ಸುಲಭ, ನಿಜ. ಆದರೆ ಬೇಸಿಗೆಯಲ್ಲಿ ತೊಡೆಗೆ ಅಂಟುತ್ತದೆ, ಚಳಿಯಲ್ಲಿ ಕೊರೆಯುತ್ತದೆ. ನಮ್ಮ ಅಡುಗೆ ಮಾಡುವವರಿಗೆ ತೆಗೆದು ಒಗೆಯುವಂಥ ಜಿಪ್ ಕವರೇ ಸರಿ. ಹತ್ತು ಅಡಿ ಜಾಗದಲ್ಲಿ ಇಂಗಿನ ಒಗ್ಗರಣೆ ಹಾಕಿದರೆ ಬಟ್ಟೆ ಪೂರ್ತಿ ಕುಡಿದುಬಿಡುತ್ತದೆ. ಹತ್ತಿ ಕ್ಯಾನ್ವಾಸ್ ಆದರೆ ಹೊಲಿಯುವ ಮೊದಲೇ ಒಂದು ಸಲ ಒಗೆದು ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ ಫೋಮ್ ಒಳಗೆ ಹೋಗುವುದೇ ಇಲ್ಲ. ಜಿಪ್ ಹಿಂಭಾಗದ ಎರಡೂ ಮೂಲೆ ದಾಟಿ ಪಕ್ಕಕ್ಕೆ ಬರುವಷ್ಟು ಉದ್ದ ಇರಲಿ. ಸಾರು ಚೆಲ್ಲಿ ಅರಿಶಿನದ ಕಲೆ ಉಳಿದರೆ ಗಾಬರಿ ಬೇಡ. ಒಗೆದು ಒಳ್ಳೆಯ ಬಿಸಿಲಿಗೆ ಹಾಕಿ, ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ.

ರಾತ್ರಿ ಮೈಯಿಂದ ಹೊರಟ ಆವಿ ಫೋಮ್ ದಾಟಿ ಕೆಳಗಿನ ತಣ್ಣನೆಯ ಹಲಗೆಗೆ ತಾಗಿ ನೀರಾಗುತ್ತದೆ. ಬೆಳಿಗ್ಗೆ ಕುಶನ್ ಎತ್ತಿ ನೋಡಿದರೆ ಒದ್ದೆ, ಕೆಲವೇ ವಾರದಲ್ಲಿ ಕಪ್ಪು ಬೂಷ್ಟು. ಹಲಗೆಗೆ ನಾಲ್ಕೈದು ಇಂಚಿಗೆ ಒಂದರಂತೆ ಒಂದು ಇಂಚಿನ ತೂತು ಕೊರೆಯಿರಿ, ಅಂಚು ಮತ್ತು ಕೀಲಿನ ಹತ್ತಿರ ಬಿಟ್ಟು. ಕೊರೆಯುವ ಮೊದಲು ಕೆಳಗೆ ಟ್ಯಾಂಕ್, ಪೈಪು, ವೈರು ಏನಿದೆ ಅಂತ ಮುಚ್ಚಳ ತೆಗೆದು ನೋಡಲೇಬೇಕು. ತೂತು ಬೇಡ ಅನ್ನುವವರು ತೆಂಗಿನ ನಾರಿನ ತೆಳು ಹಾಸು ಹಾಕಬಹುದು. ನಮ್ಮೂರಲ್ಲಿ ಕರ್ಲಾನ್ ಅಂತಲೇ ಕರೆಯುತ್ತಿದ್ದ ರಬ್ಬರ್ ಹಾಕಿದ ನಾರಿನ ಹಾಸಿಗೆ ನೆನಪಿದೆಯಲ್ಲ, ಅದೇ ವಸ್ತು. ದೋಣಿ, ಕ್ಯಾಂಪರ್ ಇರುವವರು ಗಾಳಿಯಾಡಲಿ ಅಂತ ಹಾಸಿಗೆಯ ಕೆಳಗೆ ಹಾಕುತ್ತಾರೆ.

ಮೂಲೆಯಲ್ಲಿ ಕಾಲು ಚಾಚಿ

ಪುಟ್ಟ ಟ್ರೇಲರ್‌ನಲ್ಲಿ ನಿಜವಾದ ಆರಾಮ ಸಿಗುವುದು ಮೇಜಿಗೆ ಎದುರಾಗಿ ಕೂತಾಗ ಅಲ್ಲ, ಬೆಂಚಿನ ಉದ್ದಕ್ಕೆ ಕಾಲು ಚಾಚಿ, ಬೆನ್ನನ್ನು ಪಕ್ಕದ ಗೋಡೆಗೆ ಕೊಟ್ಟು ಕೂತಾಗ. ಓದುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಆ ಗೋಡೆ ತಣ್ಣಗೆ ಕೊರೆಯುತ್ತದೆ, ಹಾಗಾಗಿ ಟೆಂಟ್ ಒಳಗೆ ಹಾಸುವ ಫೋಮ್ ಚಾಪೆಯ ತುಂಡನ್ನು ವೆಲ್ಕ್ರೋ ಹಾಕಿ ಗೋಡೆಗೆ ಅಂಟಿಸಿ. ಅದರ ಮುಂದೆ ಒಂದು ದೊಡ್ಡ ಒರಗುದಿಂಬು. ದಿಂಬಿಗೆ ಹತ್ತಿ ತುಂಬುವ ಬದಲು ಬರೀ ಕವರ್ ಹೊಲಿಸಿ, ಹಗಲು ಅದರಲ್ಲಿ ರಜಾಯಿ, ಸ್ಲೀಪಿಂಗ್ ಬ್ಯಾಗ್ ಸುತ್ತಿ ತುಂಬಿ. ಹೊದಿಕೆ ಇಡಲು ಜಾಗ ಹುಡುಕುವ ತಾಪತ್ರಯವೂ ತಪ್ಪಿತು.

ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸ ಇರುವವರಿಗೆ ಆಳದ ಬೆಂಚೇ ಬೇಕು, 24 ಇಂಚು ಇದ್ದರೆ ಹಿತ. ಅಂಥವರ ಬೆಂಚಿಗೆ ಬೆನ್ನಿನ ಇಳಿಜಾರು ತುಂಡು ಹಾಕಿ ಆಳ ಕಡಿಮೆ ಮಾಡಬೇಡಿ, ಸೊಂಟಕ್ಕೆ ಒಂದು ಸಣ್ಣ ದಿಂಬು ಕೊಡಿ. ಮೇಜು ಅಡ್ಡ ಬರುತ್ತಿದ್ದರೆ ಲಗೂನ್ ಅನ್ನುವ ತಿರುಗುವ ಕಾಲು ಸಿಗುತ್ತದೆ, ಮೇಜನ್ನು ಅತ್ತಿತ್ತ ಸರಿಸಬಹುದು. ಹಾಗೆ ಮಾಡಿ ಚಿಕ್ಕ ಮೇಜು ಹಾಕಿದರೆ ರಾತ್ರಿ ಬೆಂಚುಗಳ ನಡುವೆ ಕೂರಿಸಲು ಬೇರೆ ಹಲಗೆ ಬೇಕು, ಹಳೆಯ ಮೇಜಿನ ಹಲಗೆಯನ್ನು ಮಾರಿಬಿಡಬೇಡಿ.

ಊರಿಂದ ಅಪ್ಪ ಅಮ್ಮ ಬಂದಾಗ ಲೆಕ್ಕ ಬೇರೆ. ನಮ್ಮ ಅಮ್ಮ ಮೊದಲ ಸಲ ಕೂತಾಗ ಪಾದ ನೆಲ ಮುಟ್ಟದೆ ನಾಲ್ಕು ಇಂಚು ಮೇಲೆ ನಿಂತಿತ್ತು. "ಬೆಂಚು ಎತ್ತರ ಕಣೋ" ಅನ್ನಲಿಲ್ಲ, ಸುಮ್ನೆ ಕಾಲು ಮೇಲೆ ಎಳೆದುಕೊಂಡು ಕೂತರು, ಹಾಗೆ ಕೂತಾಗ ಬೆನ್ನಿಗೆ ಒರಗಲು ಏನೂ ಸಿಗಲಿಲ್ಲ, ಸ್ವಲ್ಪ ಹೊತ್ತಿಗೆ ಮಂಡಿಯನ್ನು ಕೈಯಲ್ಲಿ ಒತ್ತಿಕೊಳ್ಳಲು ಶುರು ಮಾಡಿದರು. ದೊಡ್ಡವರು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ನೋಡಿ ತಿಳಿಯಬೇಕು. ಊಟದ ಮಣೆ ಒಂದನ್ನು ಕಾಲ ಕೆಳಗೆ ಇಟ್ಟು, ಬೆನ್ನ ಹಿಂದೆ ಇಳಿಜಾರು ತುಂಡು ಸೇರಿಸಿದರೆ ಅವರಿಗೆ ನೆಮ್ಮದಿ. ಸೀಟಿನ ಓರೆ ಮಾತ್ರ ಅವರ ಬೆಂಚಿಗೆ ಬೇಡ, ಹಿಂದಕ್ಕೆ ತಗ್ಗಿದ ಸೀಟಿನಿಂದ ಏಳಲು ಮಂಡಿಗೆ ಕಷ್ಟ. ಬಾಗಿಲಿಗೆ ಹತ್ತಿರದ ತುದಿಯಲ್ಲಿ ಕೂರಿಸಿ. ಏಳುವಾಗ ಹಿಡಿದುಕೊಳ್ಳಲು ಗಟ್ಟಿ ಹಿಡಿಕೆ ಹಾಕಿಸಿ, ಇಲ್ಲದಿದ್ದರೆ ಅವರು ಮೇಜನ್ನೇ ಹಿಡಿಯುತ್ತಾರೆ, ಒಂಟಿ ಕಾಲಿನ ಮೇಜು ಅಷ್ಟು ಭಾರ ತಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ಮೂರು ಕಡೆ ಕಣ್ಣಾಡಿಸಿ. ಬೆಂಚಿನ ಕೆಳಗಿರುವ ಹೀಟರ್ ಗಾಳಿಕಿಂಡಿಯನ್ನು ಹೊಸ ಕುಶನ್ ಅಥವಾ ದಿಂಬು ಮುಚ್ಚಿರಬಾರದು. ಬ್ಯಾಟರಿ, ಫ್ಯೂಸ್, ಪಂಪ್ ಇರುವ ಮುಚ್ಚಳಗಳು ಹಲಗೆ ಸೇರಿಸಿದ ಮೇಲೂ ತೆರೆಯಬೇಕು, ಏಕೆಂದರೆ ಅವು ಕೈಕೊಡುವುದು ಕತ್ತಲಲ್ಲೇ. ಇನ್ನು ತೂಕ: ಮುಕ್ಕಾಲು ಇಂಚಿನ ಪೂರ್ತಿ ಪ್ಲೈವುಡ್ ಹಾಳೆ 60 ಪೌಂಡ್ ದಾಟುತ್ತದೆ, ಅದಕ್ಕೇ ಅರ್ಧ ಇಂಚಿನದು ಸಾಕು ಅಂದದ್ದು. ಟ್ರೇಲರ್ ಎಷ್ಟು ಸಾಮಾನು ಹೊರಬಹುದು ಅಂತ ಬಾಗಿಲ ಬಳಿಯೋ ಕಪಾಟಿನ ಒಳಗೋ ಚೀಟಿ ಅಂಟಿಸಿರುತ್ತಾರೆ, ಆ ಸಂಖ್ಯೆಯೊಳಗೆ ಇದೂ ಸೇರುತ್ತದೆ.